ನೆರಳಿನ ನೆಲಕ್ಕೆ ಒಂದೆಲಗದ ಹೊದಿಕೆ: ಜಾಗ ನೋಡುವುದರಿಂದ ವರ್ಷಗಟ್ಟಲೆ ನೋಡಿಕೊಳ್ಳುವವರೆಗೆ

ಮರದ ಬುಡದಲ್ಲಿ, ಗೋಡೆಯ ಮಗ್ಗುಲಲ್ಲಿ, ನೀರಿನ ತೊಟ್ಟಿಯ ಪಕ್ಕದಲ್ಲಿ ಹುಲ್ಲುಹಾಸು ಬೆಳೆಸಲು ಹೊರಟವರು ಬೇಗ ಸೋಲುತ್ತಾರೆ. ಹಾಸಿದ ಹೊಸತರಲ್ಲಿ ಹಸಿರಾಗಿರುವ ಹುಲ್ಲು ಬರಬರುತ್ತಾ ತೆಳುವಾಗಿ, ಹಳದಿಯಾಗಿ, ಕೊನೆಗೆ ಪಾಚಿಗೆ ಜಾಗ ಬಿಟ್ಟುಕೊಡುತ್ತದೆ. ಹುಲ್ಲಿಗೆ ಬಿಸಿಲು ಬೇಕು. ಬಿಸಿಲಿನ ಕೊರತೆಯನ್ನು ಎಷ್ಟು ಗೊಬ್ಬರ ಸುರಿದರೂ ತುಂಬಲಾಗದು. ಇಂಥ ಜಾಗಕ್ಕೆ ನಾನು ಮೊದಲು ಹೇಳುವ ಹೆಸರು ಒಂದೆಲಗ. ಅರೆನೆರಳು ಮತ್ತು ತೇವ ಸಿಕ್ಕರೆ ಅದು ತಾನಾಗಿ ಹಬ್ಬಿ, ಮಣ್ಣು ಕಾಣದಂತೆ ನೆಲವನ್ನು ಮುಚ್ಚುತ್ತದೆ.

ಆದರೆ ನೆಟ್ಟ ಎಲ್ಲ ಕಡೆಯೂ ಹೀಗಾಗುವುದಿಲ್ಲ. ಒಂದು ತೋಟದಲ್ಲಿ ದಟ್ಟವಾಗಿ ಹಬ್ಬಿದ ಗಿಡ ಇನ್ನೊಂದರಲ್ಲಿ ಅಲ್ಲೊಂದು ಇಲ್ಲೊಂದು ಎಲೆ ಬಿಟ್ಟು ಸುಮ್ಮನಾಗುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಬಹುಪಾಲು ಮೇಲ್ಮಣ್ಣಿನ ಎರಡು ಬೆರಳು ಆಳದಲ್ಲೇ ಇರುತ್ತದೆ. ಅಷ್ಟು ಮಣ್ಣನ್ನು ಸಡಿಲವಾಗಿ, ತೇವವಾಗಿ, ಕಳೆಯಿಲ್ಲದಂತೆ ಇಟ್ಟುಕೊಂಡರೆ ಮಿಕ್ಕ ಕೆಲಸವನ್ನು ಗಿಡವೇ ಮಾಡಿಕೊಳ್ಳುತ್ತದೆ. ಮುಂದೆ ಬರುವ ಹಂತಗಳಲ್ಲಿ ಹೆಚ್ಚಿನವು ಈ ಎರಡು ಬೆರಳು ಮಣ್ಣಿನ ಸುತ್ತಲೇ ಇವೆ.

ಗಿಡ ಹಬ್ಬುವ ಬಗೆ

ಒಂದೆಲಗಕ್ಕೆ ಮೇಲಕ್ಕೆ ಏರುವ ಕಾಂಡವಿಲ್ಲ. ನೆಲಮಟ್ಟದಲ್ಲಿ ಒಂದು ಗಿಡ್ಡ ಬುಡ, ಅದರಿಂದ ನೇರವಾಗಿ ಹೊರಡುವ ಉದ್ದ ತೊಟ್ಟಿನ ಎಲೆಗಳು, ಪಕ್ಕಕ್ಕೆ ಹರಿಯುವ ತೆಳುವಾದ ಬಳ್ಳಿಗಳು, ಇಷ್ಟೇ ಅದರ ರಚನೆ. ಬಳ್ಳಿ ಮಣ್ಣಿನ ಮೇಲೆಯೇ ಹರಿಯುತ್ತದೆ. ಪ್ರತಿ ಗಿಣ್ಣಿನಲ್ಲೂ ಮೇಲಕ್ಕೆ ಎಲೆ, ಕೆಳಕ್ಕೆ ಬೇರು ಹೊರಡುತ್ತದೆ. ಹಾಗೆ ಬೇರು ಬಿಟ್ಟ ಗಿಣ್ಣು ಒಂದು ಸ್ವತಂತ್ರ ಗಿಡ. ತಾಯಿಗಿಡದಿಂದ ಕತ್ತರಿಸಿದರೂ ಅದು ಬದುಕುತ್ತದೆ.

ಚೆನ್ನಾಗಿ ಬೆಳೆಯುತ್ತಿರುವ ಒಂದು ಬಳ್ಳಿಯನ್ನು ಮೆಲ್ಲಗೆ ಎತ್ತಿ ಅದರ ಕೆಳಭಾಗವನ್ನು ನೋಡಿ. ತುದಿಗೆ ಹತ್ತಿರದ ಗಿಣ್ಣುಗಳ ಅಡಿಯಲ್ಲಿ ಬಿಳಿಯ ಸಣ್ಣ ಮೊನೆಗಳು ಕಾಣುತ್ತವೆ. ಅವೇ ಹುಟ್ಟುತ್ತಿರುವ ಬೇರುಗಳು. ತೇವದ ಮಣ್ಣು ತಾಗಿದರೆ ಅವು ಕೆಲವೇ ದಿನಗಳಲ್ಲಿ ಒಳಗೆ ಇಳಿಯುತ್ತವೆ. ಒಣ ಮಣ್ಣೋ ಒಣಗಿದ ಎಲೆಯ ರಾಶಿಯೋ ತಾಗಿದರೆ ಮೊನೆ ಕಂದಾಗಿ ಅಲ್ಲಿಗೇ ನಿಲ್ಲುತ್ತದೆ. ಬೇರಿಲ್ಲದ ಗಿಣ್ಣು ತಾಯಿಗಿಡದ ನೀರನ್ನೇ ನಂಬಿಕೊಂಡಿರಬೇಕು, ಒಂದೆರಡು ಸಣ್ಣ ಎಲೆಗಳಿಗಿಂತ ಹೆಚ್ಚು ಬೆಳೆಯಲಾರದು. ಹಾಸು ತೆಳುವಾಗಿದೆ ಎಂದು ದೂರುವ ತೋಟಗಳಲ್ಲಿ ಬಳ್ಳಿ ಎತ್ತಿ ನೋಡಿದರೆ ಹೆಚ್ಚಾಗಿ ಇಂಥ ಬೇರಿಲ್ಲದ ಗಿಣ್ಣುಗಳೇ ಸಿಗುತ್ತವೆ.

ನೆಡುವ ಮೊದಲು ಗಿಡದ ಗುರುತು

ಒಂದೆಲಗದ ಹೆಸರಿನಲ್ಲಿ ಬೇರೆ ಬೇರೆ ಗಿಡಗಳು ಕೈಗೆ ಬರುತ್ತವೆ. ಇದರ ಶಾಸ್ತ್ರೀಯ ಹೆಸರು ಸೆಂಟೆಲ್ಲಾ ಏಷ್ಯಾಟಿಕಾ. ಕ್ಯಾರೆಟ್, ಕೊತ್ತಂಬರಿಗಳ ಕುಟುಂಬಕ್ಕೇ ಸೇರಿದ್ದು. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದನ್ನು ಹೈಡ್ರೊಕೊಟೈಲ್ ಎಂಬ ಗುಂಪಿನಲ್ಲಿ ಇರಿಸಿದ್ದ. 1879ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಅರ್ಬನ್ ಅಲ್ಲಿಂದ ತೆಗೆದು ಸೆಂಟೆಲ್ಲಾಕ್ಕೆ ಸೇರಿಸಿದ. ಸಸ್ಯಶಾಸ್ತ್ರದಲ್ಲಿ ಬೇರೆಯಾದರೂ ಸಸ್ಯಪಾಲನಾ ಕೇಂದ್ರಗಳಲ್ಲಿ ಈ ಎರಡು ಗುಂಪಿನ ಗಿಡಗಳು ಈಗಲೂ ಕಲೆಸಿಹೋಗುತ್ತವೆ.

ಗುರುತಿಗೆ ತೊಟ್ಟನ್ನು ನೋಡಿ. ಒಂದೆಲಗದ ದುಂಡನೆಯ ಎಲೆಯಲ್ಲಿ ಒಂದು ಕಡೆ ಆಳವಾದ ಸೀಳು ಇರುತ್ತದೆ, ತೊಟ್ಟು ಸೇರುವುದು ಆ ಸೀಳಿನ ತಳದಲ್ಲಿ. ಹೈಡ್ರೊಕೊಟೈಲ್‌ನ ಕೆಲವು ಜಾತಿಗಳಲ್ಲಿ ತೊಟ್ಟು ಎಲೆಯ ನಟ್ಟನಡುವೆ ಅಂಟಿಕೊಂಡು ಎಲೆ ಕೊಡೆಯಂತೆ ನಿಲ್ಲುತ್ತದೆ. ಹೈಡ್ರೊಕೊಟೈಲ್ ಸಿಬ್ತಾರ್ಪಿಯಾಯ್ಡಿಸ್ ಎಂಬ ಇನ್ನೊಂದು ಜಾತಿಯಲ್ಲಿ ಸೀಳು ಇದ್ದರೂ ಎಲೆ ತೀರ ಚಿಕ್ಕದು. ನೀರುಬ್ರಾಹ್ಮಿಯ ಎಲೆಗಳು ಚಿಕ್ಕವು, ದಪ್ಪನೆಯವು, ಕಾಂಡದ ಮೇಲೆ ಎದುರುಬದುರಾಗಿ ಕೂತಿರುತ್ತವೆ. ಅದಕ್ಕೆ ಬಿಸಿಲೂ ಹೆಚ್ಚು ಬೇಕು. ಇಲಿಕಿವಿ ಎಂದು ಕರೆಯುವ ಒಂದು ಬಳ್ಳಿಯ ಎಲೆ ಒಂದೆಲಗವನ್ನೇ ಹೋಲುತ್ತದೆ, ಆದರೆ ಅದರ ಹೂವು ಹಳದಿ. ಒಂದೆಲಗದ ಹೂವು ಅತಿ ಚಿಕ್ಕದು, ನಸುಗೆಂಪು, ಎಲೆಗಳ ಅಡಿಯಲ್ಲಿ ನೆಲಕ್ಕೆ ಅಂಟಿದಂತೆ ಇರುತ್ತದೆ. ಹುಡುಕದೆ ಕಣ್ಣಿಗೆ ಬೀಳುವುದಿಲ್ಲ. ಎಲೆಯನ್ನು ತಿನ್ನುವ ಉದ್ದೇಶವಿದ್ದರೆ ಈ ಪರೀಕ್ಷೆಯನ್ನು ಎಂದಿಗೂ ಬಿಡಬೇಡಿ.

ಒಂದನೇ ಹಂತ: ನೆರಳನ್ನು ಅಳೆಯುವುದು

ಮೋಡವಿಲ್ಲದ ದಿನ, ನಡುಮಧ್ಯಾಹ್ನ, ನೆಡಬೇಕೆಂದಿರುವ ಜಾಗದ ಮೇಲೆ ಮೊಣಕಾಲೆತ್ತರದಲ್ಲಿ ಅಂಗೈ ಚಾಚಿ. ಬೆರಳುಗಳ ನೆರಳು ಅಂಚು ಕಡಿದಂತೆ ಸ್ಪಷ್ಟವಾಗಿ ಬಿದ್ದರೆ ಅದು ಬಿಸಿಲಿನ ಜಾಗ. ಕೈಯ ಆಕಾರ ತಿಳಿದೂ ಅಂಚು ಮಸುಕಾಗಿದ್ದರೆ ಅರೆನೆರಳು. ನೆರಳೇ ಕಾಣದಿದ್ದರೆ ಗಾಢ ನೆರಳು. ಬೆಳಿಗ್ಗೆ ಮತ್ತು ಸಂಜೆ ಇನ್ನೊಮ್ಮೆ ನೋಡಿ. ಸೂರ್ಯನ ಹಾದಿ ಋತುವಿನೊಂದಿಗೆ ಬದಲಾಗುವುದರಿಂದ ಒಂದೇ ದಿನದ ನೋಟವನ್ನು ಪೂರ್ತಿ ನಂಬುವಂತಿಲ್ಲ.

ಒಂದೆಲಗಕ್ಕೆ ಹೇಳಿ ಮಾಡಿಸಿದ್ದು ಅರೆನೆರಳು. ಬಯಲಿನ ಬೆಳಕಿನ ಸುಮಾರು ಅರ್ಧದಷ್ಟು ಸಿಕ್ಕರೆ ಎಲೆ ಅಗಲವಾಗಿ, ಬಳ್ಳಿ ಚುರುಕಾಗಿ ಹೊರಡುತ್ತದೆ. ಬೆಳಗಿನ ಎಳೆಬಿಸಿಲು ಬಿದ್ದು, ಮಧ್ಯಾಹ್ನದ ನಂತರ ನೆರಳಾಗುವ ಜಾಗ ಸಿಕ್ಕರೆ ಬೇರೆ ಯೋಚನೆಯೇ ಬೇಡ. ಗಾಢ ನೆರಳಿನಲ್ಲಿ ತೊಟ್ಟುಗಳು ಬೆಳಕನ್ನು ಹುಡುಕಿಕೊಂಡು ಉದ್ದವಾಗುತ್ತವೆ, ಎಲೆಗಳ ನಡುವೆ ಮಣ್ಣು ಕಾಣತೊಡಗುತ್ತದೆ. ಅಂಥಲ್ಲಿ ಮರದ ಕೆಳಗೊಂಬೆಗಳನ್ನು ಒಂದಷ್ಟು ತೆಗೆದು ಬೆಳಕು ಬಿಡುವುದು ಗೊಬ್ಬರಕ್ಕಿಂತ ಹೆಚ್ಚು ಫಲ ಕೊಡುತ್ತದೆ. ತೇವವಿರುವ ಪೂರ್ಣ ಬಿಸಿಲಿನಲ್ಲೂ ಗಿಡ ಸಾಯುವುದಿಲ್ಲ. ಎಲೆ ಚಿಕ್ಕದಾಗಿ, ತೊಟ್ಟು ಗಿಡ್ಡವಾಗಿ, ಕೆಲವೊಮ್ಮೆ ಕೆಂಪು ಛಾಯೆ ಪಡೆದು ನೆಲಕ್ಕೆ ಅಂಟಿಕೊಳ್ಳುತ್ತದೆ.

ಎರಡನೇ ಹಂತ: ತೇವವನ್ನು ಅಳೆಯುವುದು

ನೆರಳಿದ್ದಲ್ಲಿ ತೇವವೂ ಇರುತ್ತದೆ ಎಂದುಕೊಂಡರೆ ಮೋಸಹೋಗುತ್ತೇವೆ. ದೊಡ್ಡ ಮರದ ಕೆಳಗಿನ ನೆಲ ಬಹಳ ಸಲ ತೋಟದ ಅತಿ ಒಣ ಜಾಗ. ಮೇಲಿನ ಎಲೆಗಳು ಮಳೆಯ ಒಂದು ಪಾಲನ್ನು ನೆಲಕ್ಕೆ ಬಿಡುವುದಿಲ್ಲ, ಬಿದ್ದದ್ದನ್ನು ಮೇಲ್ಮಟ್ಟದ ಬೇರುಗಳು ಕುಡಿದುಬಿಡುತ್ತವೆ. ಸೂರಿನ ಅಡಿಯಲ್ಲಿ, ಗೋಡೆಗೆ ಒತ್ತಿಕೊಂಡ ಜಾಗದಲ್ಲಿ ಕೂಡ ಮಳೆ ತಲುಪುವುದು ಕಡಿಮೆ.

ಒಂದು ಅಡಿ ಆಳದ ಗುಂಡಿ ತೋಡಿ, ನೀರು ತುಂಬಿ, ಇಂಗಲು ಬಿಡಿ. ಮತ್ತೊಮ್ಮೆ ತುಂಬಿ ಗಮನಿಸಿ. ಎರಡನೇ ಸಲದ ನೀರು ಕೆಲವೇ ನಿಮಿಷಗಳಲ್ಲಿ ಮಾಯವಾದರೆ ಮಣ್ಣು ತೀರ ಮರಳು. ನೀರು ಹಿಡಿದಿಡಲು ಕಾಂಪೋಸ್ಟ್ ಹೆಚ್ಚು ಬೇಕು. ಕೆಲವು ಗಂಟೆಗಳಲ್ಲಿ ಇಂಗಿದರೆ ಒಳ್ಳೆಯ ಮಣ್ಣು. ಮರುದಿನವೂ ನಿಂತಿದ್ದರೆ ಜೇಡಿ ಗಟ್ಟಿಯಾಗಿದೆ ಎಂದರ್ಥ. ಒಂದೆಲಗ ಗದ್ದೆಯ ಬದುಗಳಲ್ಲಿ, ಹಳ್ಳದ ದಂಡೆಯಲ್ಲಿ ಬೆಳೆಯುವ ಗಿಡ, ಹಾಗಾಗಿ ಸ್ವಲ್ಪ ದಿನ ನೀರು ನಿಂತರೆ ತಾಳಿಕೊಳ್ಳುತ್ತದೆ. ಬಿಸಿ ದಿನಗಳಲ್ಲಿ ಕದಲದೆ ನಿಂತ ನೀರು ಮಾತ್ರ ಬುಡವನ್ನು ಕೊಳೆಸುತ್ತದೆ.

ಮೂರನೇ ಹಂತ: ಕಳೆ ತೆಗೆಯುವುದು

ಈ ಹಂತಕ್ಕೆ ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲ. ಒಂದೆಲಗ ಒಮ್ಮೆ ಹಬ್ಬಿದ ಮೇಲೆ ಅದರ ನಡುವೆ ಎದ್ದ ಕಳೆಯನ್ನು ಕೀಳುವುದು ಕಷ್ಟ, ಕಳೆಯ ಜೊತೆ ಬಳ್ಳಿಯೂ ಕಿತ್ತು ಬರುತ್ತದೆ. ಹೆಚ್ಚು ಕಾಡುವುದು ಜೇಕು. ಅದರ ಗಡ್ಡೆಗಳು ಮಣ್ಣಿನಲ್ಲಿ ಆಳಕ್ಕೆ ಇಳಿದಿರುತ್ತವೆ. ಮೇಲಿನ ಹುಲ್ಲನ್ನು ಕಿತ್ತರೆ ಗಡ್ಡೆ ಉಳಿದು ಮತ್ತೆ ಚಿಗುರುತ್ತದೆ. ಹಾಗಾಗಿ ಗುದ್ದಲಿಯಿಂದ ಅಗೆದು, ಹೆಂಟೆ ಒಡೆದು, ಗಡ್ಡೆಗಳನ್ನು ಕೈಯಿಂದಲೇ ಆರಿಸಬೇಕು. ಗರಿಕೆ ನೆರಳಿನಲ್ಲಿ ಸೊರಗುವುದಾದರೂ ಪಾತಿಯ ಬಿಸಿಲಿನ ಅಂಚಿನಿಂದ ನುಸುಳುತ್ತದೆ, ಅದರ ಬೇರಿನ ತುಂಡುಗಳನ್ನೂ ಬಿಡಬೇಡಿ.

ಅಗೆದ ಮೇಲೆ ತಕ್ಷಣ ನೆಡದೆ ಪಾತಿಗೆ ನೀರು ಹಾಯಿಸಿ ಎರಡು ಮೂರು ವಾರ ಕಾಯಿರಿ. ಮಣ್ಣಿನಲ್ಲಿ ಅಡಗಿದ್ದ ಕಳೆಬೀಜ ಮೊಳೆಯುತ್ತದೆ, ಆರಿಸದೆ ಉಳಿದ ಗಡ್ಡೆ ಚಿಗುರುತ್ತದೆ. ಬೀಜದ ಸಸಿಗಳನ್ನು ಮಣ್ಣು ಕೆದಕದೆ ಮೇಲಿಂದ ಹೆರೆದು ತೆಗೆಯಿರಿ, ಆಳವಾಗಿ ಕೆದಕಿದರೆ ಕೆಳಗಿನ ಬೀಜ ಮೇಲಕ್ಕೆ ಬರುತ್ತದೆ. ಗಡ್ಡೆಯಿಂದ ಚಿಗುರಿದವನ್ನು ಮಾತ್ರ ಬುಡಸಮೇತ ಅಗೆಯಿರಿ. ಈ ಕಾಯುವಿಕೆಗೆ ಬೇಸರಪಟ್ಟು ನೆಟ್ಟುಬಿಡುವವರು ಮುಂದಿನ ತಿಂಗಳುಗಳಲ್ಲಿ ಅದರ ಹಲವು ಪಟ್ಟು ಹೊತ್ತನ್ನು ಕಳೆ ಕೀಳುವುದರಲ್ಲಿ ಕಳೆಯಬೇಕಾಗುತ್ತದೆ.

ನಾಲ್ಕನೇ ಹಂತ: ಮಣ್ಣಿನ ಹದ

ಅಗೆತ 15 ಸೆಂಟಿಮೀಟರ್ ಆಳಕ್ಕೆ ಸಾಕು. ಅದರ ಮೇಲೆ ಚೆನ್ನಾಗಿ ಕಳಿತ ಕಾಂಪೋಸ್ಟ್, ಎರೆಗೊಬ್ಬರ ಅಥವಾ ಕೊಳೆತ ಎಲೆಗೊಬ್ಬರವನ್ನು 3 ಸೆಂಟಿಮೀಟರ್ ದಪ್ಪಕ್ಕೆ ಹರಡಿ ಬೆರೆಸಿ. ಒಂದು ಚದರ ಮೀಟರ್‌ಗೆ ಇದು 30 ಲೀಟರ್ ಆಗುತ್ತದೆ. ಹಸಿ ಸಗಣಿ ಗೊಬ್ಬರ ಬೇಡ, ಎಳೆಯ ಬೇರು ಸುಡುತ್ತದೆ. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 6ರಿಂದ 7ರ ನಡುವೆ ಇದ್ದರೆ ಒಳ್ಳೆಯದು.

ಇದಾದ ಮೇಲೆ ಪಾತಿಯನ್ನು ಮಟ್ಟ ಮಾಡಿ. ಸಮತಟ್ಟು ಕೇವಲ ಅಂದಕ್ಕಲ್ಲ. ದಿಬ್ಬವಾದ ಕಡೆ ಮೇಲ್ಮಣ್ಣು ಬೇಗ ಒಣಗಿ ಗಿಣ್ಣು ಬೇರು ಬಿಡುವುದಿಲ್ಲ, ತಗ್ಗಿನಲ್ಲಿ ನೀರು ನಿಂತು ಕೊಳೆ ಬರುತ್ತದೆ. ಮಟ್ಟ ಮಾಡಿದ ಪಾತಿಗೆ ಒಮ್ಮೆ ಧಾರಾಳವಾಗಿ ನೀರು ಹಾಕಿದರೆ ಏರುತಗ್ಗು ಕಣ್ಣಿಗೆ ಕಾಣುತ್ತದೆ, ಆಗ ತಿದ್ದಬಹುದು.

ಮರದ ಬುಡದಲ್ಲಿ ಈ ಕ್ರಮ ನಡೆಯದು. ಅಲ್ಲಿ ಗುದ್ದಲಿ ಬೀಸಿದರೆ ಮರದ ಬೇರು ಕಡಿದುಹೋಗುತ್ತದೆ. ದಪ್ಪ ಬೇರುಗಳ ನಡುವಿನ ಸಂದುಗಳನ್ನು ಕೈಸಲಿಕೆಯಿಂದ ಬಿಡಿಸಿ, ಆ ಸಂದಿಗೆ ಮಾತ್ರ ಕಾಂಪೋಸ್ಟ್ ಬೆರೆಸಿ ನೆಡಿ. ಕಾಂಡದ ಬುಡಕ್ಕೆ ಮಣ್ಣು ಪೇರಿಸಬೇಡಿ, ತೊಗಟೆ ಕೊಳೆಯುತ್ತದೆ. ಬುಡದ ಸುತ್ತ ಒಂದು ಗೇಣು ಖಾಲಿ ಇರಲಿ.

ಐದನೇ ಹಂತ: ಬಳ್ಳಿ ಆರಿಸಿ ನೆಡುವುದು

ಬೀಜದ ಆಸೆ ಬಿಡಿ. ಅದು ನಿಧಾನವಾಗಿ, ಏರುಪೇರಾಗಿ ಮೊಳೆಯುತ್ತದೆ. ಬಳ್ಳಿಯ ತುಂಡುಗಳೇ ಸುಲಭ, ಖಚಿತ. ತುಂಬಾ ಹಳೆಯದಾದ ನಡುಭಾಗದ ಬುಡಗಳನ್ನು ತೆಗೆದುಕೊಳ್ಳದೆ, ಹಾಸಿನ ಅಂಚಿನಲ್ಲಿ ಹೊಸದಾಗಿ ಬೇರು ಬಿಟ್ಟಿರುವ ಗಿಣ್ಣುಗಳನ್ನು ಆರಿಸಿ. ಒಂದೊಂದು ತುಂಡಿನಲ್ಲಿ ಎರಡು ಮೂರು ಗಿಣ್ಣು ಇರಲಿ, ಒಂದಕ್ಕಾದರೂ ಬಿಳಿ ಬೇರು ಇರಲೇಬೇಕು. ಚುಕ್ಕೆ ಬಿದ್ದ ಎಲೆ, ಗಂಟು ಕಟ್ಟಿದ ಬೇರು ಇರುವ ತುಂಡನ್ನು ದಾಕ್ಷಿಣ್ಯವಿಲ್ಲದೆ ಎಸೆಯಿರಿ.

ಮಳೆಗಾಲದ ಆರಂಭ ನೆಡಲು ಸಕಾಲ. ಚಳಿ ತೀವ್ರವಾಗಿರುವ ಪ್ರದೇಶಗಳಲ್ಲಿ ಹಿಮ ಬೀಳುವುದು ಪೂರ್ತಿ ನಿಂತು ಮಣ್ಣು ಬೆಚ್ಚಗಾದ ಮೇಲೆ ನೆಡಬೇಕು. ದಿನದಲ್ಲಿ ಸಂಜೆಯ ಹೊತ್ತು ಒಳ್ಳೆಯದು.

1. ಪಾತಿಗೆ ಹಿಂದಿನ ದಿನವೇ ನೀರು ಹಾಕಿ. ನೆಡುವಾಗ ಮಣ್ಣು ನೀರಲ್ಲಿ ನೆನೆಸಿ ಹಿಂಡಿದ ಬಟ್ಟೆಯಷ್ಟು ತೇವವಾಗಿರಬೇಕು.
2. ತುಂಡುಗಳನ್ನು ಕಿತ್ತ ಕೂಡಲೇ ಒದ್ದೆ ಗೋಣಿಯಲ್ಲಿ ಸುತ್ತಿಡಿ. ದೊಡ್ಡ ಎಲೆಗಳನ್ನು ಚಿವುಟಿ ಒಂದೆರಡು ಎಳೆ ಎಲೆ ಮಾತ್ರ ಉಳಿಸಿ. ಹೊಸ ಬೇರು ಬರುವವರೆಗೆ ಎಲ್ಲ ಎಲೆಗಳಿಗೆ ನೀರೊದಗಿಸುವ ಶಕ್ತಿ ತುಂಡಿಗೆ ಇರುವುದಿಲ್ಲ.
3. ಬೆರಳಿನಿಂದ ಉದ್ದುದ್ದ ಗೀರು ಎಳೆದು, ಬಳ್ಳಿಯನ್ನು ಅದರಲ್ಲಿ ಮಲಗಿಸಿ. ಗಿಣ್ಣಿನ ಬೇರು ಮಣ್ಣೊಳಗೆ, ಎಲೆ ಹೊರಡುವ ಕುಡಿ ಮಣ್ಣಿನ ಮೇಲೆ. ಕುಡಿ ಹೂತುಹೋದರೆ ಕೊಳೆಯುತ್ತದೆ.
4. ಗಿಣ್ಣಿನ ಎರಡೂ ಬದಿಯ ಮಣ್ಣನ್ನು ಬೆರಳಿನಿಂದ ಒತ್ತಿ, ಬೇರಿಗೂ ಮಣ್ಣಿಗೂ ನಡುವೆ ಗಾಳಿ ಉಳಿಯದಂತೆ ಮಾಡಿ.
5. ಸಣ್ಣ ತೂತಿನ ಝಾರಿಯಿಂದ ನೀರು ಕೊಡಿ. ಪೈಪಿನ ರಭಸದ ನೀರು ತುಂಡನ್ನು ಕಿತ್ತೆಬ್ಬಿಸುತ್ತದೆ.

ಗಿಡದಿಂದ ಗಿಡಕ್ಕೆ 20 ಸೆಂಟಿಮೀಟರ್ ಅಂತರ ಕೊಟ್ಟರೆ ಚದರ ಮೀಟರ್‌ಗೆ 25 ತುಂಡು ಬೇಕು. 25 ಸೆಂಟಿಮೀಟರ್ ಆದರೆ 16. ಕೈಯಲ್ಲಿರುವ ತುಂಡುಗಳು ಕಡಿಮೆಯಾದರೆ ಇಡೀ ಜಾಗಕ್ಕೆ ದೂರ ದೂರ ನೆಡುವ ಬದಲು ಅರ್ಧ ಜಾಗಕ್ಕೆ ಒತ್ತಾಗಿ ನೆಡುವುದೇ ಜಾಣತನ. ಒತ್ತಾಗಿ ನೆಟ್ಟ ಪಾತಿ ಬೇಗ ಮುಚ್ಚಿ ಕಳೆಯನ್ನು ತಡೆಯುತ್ತದೆ, ಅದರ ಬಳ್ಳಿಗಳೇ ಮಿಕ್ಕ ಅರ್ಧಕ್ಕೆ ಸಸಿಯಾಗುತ್ತವೆ.

ಆರನೇ ಹಂತ: ಹಾಸು ಕೂಡುವವರೆಗೆ

ನೆಟ್ಟ ಮೊದಲ ಎರಡು ವಾರ ಮೇಲ್ಮಣ್ಣು ಒಂದು ದಿನವೂ ಒಣಗಬಾರದು. ಬೆರಳನ್ನು ಎರಡು ಗೆಣ್ಣಿನಷ್ಟು ಒಳಗೆ ಒತ್ತಿ ನೋಡಿ. ಮಣ್ಣು ಅಂಟಿಕೊಂಡರೆ ತೇವವಿದೆ, ಬೆರಳು ಒಣಗಿಯೇ ಹೊರಬಂದರೆ ನೀರು ಕೊಡುವ ಹೊತ್ತು ಮೀರಿದೆ. ಹೊಸ ಎಲೆ ಮಡಿಕೆ ಬಿಚ್ಚತೊಡಗಿದಾಗ ಬೇರು ಹಿಡಿದಿದೆ ಎಂದು ತಿಳಿಯಿರಿ. ಅಲ್ಲಿಂದ ನೀರಿನ ನಡುವಿನ ಅಂತರವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ, ಕೊಡುವಾಗ ಮಾತ್ರ ಧಾರಾಳವಾಗಿ ಕೊಡಿ. ಚದರ ಮೀಟರ್‌ಗೆ 10 ಲೀಟರ್ ಎಂದರೆ 10 ಮಿಲಿಮೀಟರ್ ಮಳೆಗೆ ಸಮ. ದಿನಾ ಚಿಮುಕಿಸುವ ನೀರು ಮೇಲ್ಪದರವನ್ನಷ್ಟೇ ಒದ್ದೆ ಮಾಡಿ ಆರಿಹೋಗುತ್ತದೆ.

ಬಳ್ಳಿಗಳು ಹರಿಯಲು ಶುರುವಾದಾಗ ವಾರಕ್ಕೊಮ್ಮೆ ಪಾತಿಯ ಪಕ್ಕ ಕುಳಿತುಕೊಳ್ಳಿ. ಗಾಳಿಯಲ್ಲಿ ತೂಗುತ್ತಿರುವ ಗಿಣ್ಣುಗಳನ್ನು ಹುಡುಕಿ ಮಣ್ಣಿಗೆ ತಾಗಿಸಿ, ಮೇಲೆ ಒಂದು ಚಿಟಿಕೆ ಮಣ್ಣು ಹಾಕಿ ಅಥವಾ ಸಣ್ಣ ಕಲ್ಲಿಡಿ. ಬಾಗಿಸಿದ ತಂತಿಯೂ ಆಗುತ್ತದೆ. ಬಳ್ಳಿಯನ್ನು ಖಾಲಿ ಜಾಗದ ಕಡೆಗೆ ತಿರುಗಿಸಿ. ಒಂದೇ ದಿಕ್ಕಿಗೆ ನುಗ್ಗುವ ಉದ್ದ ಬಳ್ಳಿಯ ತುದಿಯನ್ನು ಚಿವುಟಿದರೆ ಹಿಂದಿನ ಗಿಣ್ಣುಗಳಿಂದ ಕವಲು ಒಡೆಯುತ್ತದೆ. ಈ ಗಿಡಕ್ಕಾಗಿ ಮಾಡುವ ಕೆಲಸಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಇದು, ಫಲವೂ ಬೇಗ ಕಾಣುತ್ತದೆ.

ಖಾಲಿ ಮಣ್ಣಿನ ಮೇಲೆ ತರಗೆಲೆ ಹೊದಿಕೆ ಹಾಕಬೇಕೇ ಎಂಬುದಕ್ಕೆ ನನ್ನ ಉತ್ತರ: ತೆಳುವಾಗಿ, ಪುಡಿ ಮಾಡಿ. ಬೇರೆ ಗಿಡಗಳಿಗೆ ಒಳ್ಳೆಯದಾದ ದಪ್ಪ ಹೊದಿಕೆ ಇಲ್ಲಿ ಗಿಣ್ಣನ್ನು ಮಣ್ಣಿನಿಂದ ದೂರವಿಡುತ್ತದೆ. ಮರದಿಂದ ಉದುರುವ ಅಗಲ ಎಲೆಗಳನ್ನೂ ಆಗಾಗ ಆರಿಸಿ ತೆಗೆಯಿರಿ.

ಹದವಾದ ಬೆಚ್ಚನೆಯ ಹವೆಯಲ್ಲಿ ಎರಡು ಮೂರು ತಿಂಗಳಲ್ಲಿ ನೆಲ ಮುಚ್ಚುತ್ತದೆ.

ಗಡಿ ಮತ್ತು ಕಾಲುದಾರಿ

ಹಬ್ಬುವ ಗಿಡಕ್ಕೆ ಗಡಿ ತಿಳಿಯದು. ಬಳ್ಳಿ ನೆಲದ ಮೇಲೆಯೇ ಹರಿಯುವುದರಿಂದ ಆಳಕ್ಕೆ ಹೂತ ತಡೆಗಿಂತ ಮೇಲಕ್ಕೆ ಎದ್ದು ನಿಂತ ಅಂಚು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದನ್ನೂ ಹತ್ತಿ ದಾಟುವ ಬಳ್ಳಿಗಳಿರುತ್ತವೆ, ಎರಡು ವಾರಕ್ಕೊಮ್ಮೆ ಅಂಚಿನ ಉದ್ದಕ್ಕೂ ಕತ್ತರಿಸಿ. ಕತ್ತರಿಸಿದ ತುಂಡುಗಳನ್ನು ಹಳ್ಳ, ಕೆರೆ, ಜೌಗು ನೆಲದ ಹತ್ತಿರ ಎಸೆಯಬೇಡಿ, ಒಂದೊಂದು ಗಿಣ್ಣೂ ಅಲ್ಲಿ ಹೊಸ ಹಾಸಾಗಬಲ್ಲದು.

ಒಮ್ಮೊಮ್ಮೆ ಕಾಲಿಟ್ಟರೆ ಹಾಸು ಚೇತರಿಸಿಕೊಳ್ಳುತ್ತದೆ. ದಿನವೂ ಓಡಾಡುವ ಜಾಗವಾದರೆ ಹೆಜ್ಜೆಯ ಅಳತೆಗೆ ಚಪ್ಪಟೆ ಕಲ್ಲುಗಳನ್ನು ಹೂಡಿ. ಕಲ್ಲಿನ ಅಂಚಿನಲ್ಲಿ ತೇವ ಉಳಿಯುವುದರಿಂದ ಅಲ್ಲಿಯೇ ಗಿಡ ಹೆಚ್ಚು ಸೊಂಪಾಗಿರುವುದನ್ನು ನೋಡುತ್ತೀರಿ. ಜೊತೆಗೆ ಎತ್ತರದ ಗಿಡಗಳು ಬೇಕೆಂದರೆ ಜರೀಗಿಡ, ಕೆಸುವಿನ ಜಾತಿಯವು ಹೊಂದುತ್ತವೆ.

ವರ್ಷಗಟ್ಟಲೆಯ ಆರೈಕೆ

ವರ್ಷಕ್ಕೆ ಎರಡು ಸಲ, ಜರಡಿ ಹಿಡಿದ ಕಾಂಪೋಸ್ಟನ್ನು ಅರ್ಧ ಸೆಂಟಿಮೀಟರ್‌ನಷ್ಟು ತೆಳುವಾಗಿ ಹಾಸಿನ ಮೇಲೆ ಉದುರಿಸಿ, ಎಲೆಗಳನ್ನು ಕೈಯಿಂದ ಸವರಿ ಕೆಳಕ್ಕಿಳಿಸಿ, ನೀರು ಹಾಕಿ. ಹೊಸ ಗಿಣ್ಣುಗಳಿಗೆ ಹೊಸ ಮೇಲ್ಮಣ್ಣು ಸಿಕ್ಕಂತಾಗುತ್ತದೆ. ಯೂರಿಯಾದಂತಹ ಸಾರಜನಕ ಗೊಬ್ಬರವನ್ನು ನಾನು ಹೇಳುವುದಿಲ್ಲ. ಅದರಿಂದ ಎಲೆ ಮೆತ್ತಗಾಗಿ ಹುಳುಗಳಿಗೆ ಆಹ್ವಾನವಾಗುತ್ತದೆ.

ಹಾಸು ಹಳೆಯದಾದಂತೆ ನಡುವೆ ಬೋಳಾಗತೊಡಗುತ್ತದೆ. ಬಳ್ಳಿಗಳು ಒಂದರ ಮೇಲೊಂದು ಹೆಣೆದುಕೊಂಡು, ಮೇಲಿನವಕ್ಕೆ ಮಣ್ಣು ಸಿಗದ ಸ್ಥಿತಿ ಅದು. ಆ ಭಾಗವನ್ನು ಬುಡಸಮೇತ ಅಗೆದು ತೆಗೆದು, ಕಾಂಪೋಸ್ಟ್ ಬೆರೆಸಿ, ಅಂಚಿನ ಎಳೆಯ ತುಂಡುಗಳನ್ನು ನೆಡಿ. ಇಡೀ ಪಾತಿಯನ್ನು ಒಂದೇ ಸಲ ಅಗೆಯದೆ ಪಾಲು ಪಾಲಾಗಿ ಮಾಡಿದರೆ ನೆಲ ಎಂದೂ ಬರಿದಾಗಿ ಕಾಣುವುದಿಲ್ಲ.

ತೊಂದರೆಗಳು

ತೇವದ ನೆರಳನ್ನು ಒಂದೆಲಗದಷ್ಟೇ ಇಷ್ಟಪಡುವವು ಬಸವನಹುಳುಗಳು, ಚಿಪ್ಪಿಲ್ಲದ ಅವುಗಳ ಬಂಧುಗಳು. ಎಲೆಯಲ್ಲಿ ಅಡ್ಡಾದಿಡ್ಡಿ ತೂತು, ಬೆಳಿಗ್ಗೆ ಹೊಳೆಯುವ ಲೋಳೆಯ ಗೆರೆ ಕಂಡರೆ ಅವೇ. ಸಂಜೆ ಪಾತಿಯಲ್ಲಿ ಒದ್ದೆ ಹಲಗೆಯ ತುಂಡು ಇಟ್ಟು, ಬೆಳಿಗ್ಗೆ ಅದರ ಅಡಿಯಲ್ಲಿ ಸೇರಿದವನ್ನು ಆರಿಸಿ ತೆಗೆಯಿರಿ. ನೀರನ್ನು ಸಂಜೆಯ ಬದಲು ಬೆಳಿಗ್ಗೆ ಕೊಟ್ಟರೆ ರಾತ್ರಿ ಮೇಲ್ಮೈ ಅಷ್ಟು ಒದ್ದೆಯಾಗಿರುವುದಿಲ್ಲ. ಎಲೆಚುಕ್ಕೆ ರೋಗಕ್ಕೂ ಇದೇ ಉಪಾಯ, ಜೊತೆಗೆ ಚುಕ್ಕೆ ಬಿದ್ದ ಎಲೆಗಳನ್ನು ಕತ್ತರಿಸಿ ಗಾಳಿಯಾಡಲು ಬಿಡಬೇಕು.

ಹಳದಿಯಾಗುವುದಕ್ಕೆ ಕಾರಣಗಳು ಹಲವು. ಮೊದಲು ಹಳೆಯ ಎಲೆಗಳು ಹಳದಿಯಾದರೆ ಸಾರಜನಕದ ಕೊರತೆ, ಕಾಂಪೋಸ್ಟ್ ಕೊಡಿ. ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣಾಂಶ ಸಿಗುತ್ತಿಲ್ಲ. ಮಣ್ಣು ಕ್ಷಾರವಾಗಿರುವಲ್ಲಿ, ಗಡಸು ನೀರು ಹಾಯಿಸುವಲ್ಲಿ ಇದು ಸಾಮಾನ್ಯ, ಮಳೆನೀರು ಬಳಸಿದರೆ ಸುಧಾರಿಸುತ್ತದೆ. ನೀರಿದ್ದೂ ಗಿಡ ಬಾಡುತ್ತಿದ್ದರೆ ಒಂದನ್ನು ಕಿತ್ತು ಬೇರು ನೋಡಿ. ಗಂಟು ಗಂಟಾಗಿದ್ದರೆ ಜಂತುಹುಳುವಿನ ಬಾಧೆ. ಆ ಭಾಗದ ಗಿಡಗಳನ್ನು ತೆಗೆದು ಅಲ್ಲಿಂದ ಸಸಿ ಎತ್ತುವುದನ್ನು ನಿಲ್ಲಿಸಿ. ಬೇರು ಕಂದಾಗಿ ಮೆತ್ತಗಾಗಿದ್ದರೆ ನೀರು ಬಸಿಯುತ್ತಿಲ್ಲ.

ಎಲೆ ಕೊಯ್ಯುವವರಿಗೆ

ಎಲೆಯನ್ನು ತೊಟ್ಟುಸಮೇತ ಕತ್ತರಿಯಿಂದ ಕೊಯ್ಯಿರಿ. ಎಳೆದರೆ ಬುಡ ಕದಲುತ್ತದೆ. ಒಂದೇ ಕಡೆಯಿಂದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಒಂದೆಲಗಕ್ಕೆ ಮಣ್ಣಿನಲ್ಲಿರುವ ಸೀಸದಂತಹ ಭಾರಲೋಹಗಳನ್ನು ಹೀರಿ ಬೇರು, ಎಲೆಗಳಲ್ಲಿ ಸೇರಿಸಿಟ್ಟುಕೊಳ್ಳುವ ಗುಣವಿದೆ. ಬಚ್ಚಲು ನೀರು ಹರಿಯುವ ಕಡೆ, ವಾಹನ ದಟ್ಟಣೆಯ ರಸ್ತೆಯ ಪಕ್ಕ, ಹಳೆಯ ಬಣ್ಣ ಉದುರುವ ಗೋಡೆಯ ಬುಡ, ಇಲ್ಲೆಲ್ಲ ಬೆಳೆದದ್ದು ನೋಟಕ್ಕೆ ಮಾತ್ರ ಇರಲಿ. ತಿನ್ನುವುದಕ್ಕೆ ಬೇಕಾದರೆ ಶುದ್ಧ ಮಣ್ಣು ತುಂಬಿದ ಅಗಲ ಕುಂಡದಲ್ಲಿ ಪ್ರತ್ಯೇಕವಾಗಿ ಬೆಳೆಸಿ. ಔಷಧಿಯಾಗಿ ನಿತ್ಯ ಸೇವಿಸಬೇಕೆಂದಿರುವವರು, ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಚಳಿ ಪ್ರದೇಶದಲ್ಲಿ

ಹಿಮ ಬಿದ್ದರೆ ಒಂದೆಲಗದ ಎಲೆ ಕಪ್ಪಾಗಿ ಕುಸಿಯುತ್ತದೆ, ಮಣ್ಣು ಹೆಪ್ಪುಗಟ್ಟಿದರೆ ಗಿಡವೇ ಹೋಗುತ್ತದೆ. ಅಂಥಲ್ಲಿ ಚಳಿ ಶುರುವಾಗುವ ಮೊದಲೇ ಅಂಚಿನ ಹತ್ತಾರು ಗಿಣ್ಣುಗಳನ್ನು ಎತ್ತಿ ಆಳ ಕಡಿಮೆ ಇರುವ ಅಗಲ ಕುಂಡದಲ್ಲಿ ನೆಟ್ಟು, ಬೆಳಕು ಬರುವ ಕಿಟಕಿಯ ಬಳಿ ಇಡಿ. ಚಳಿಗಾಲದಲ್ಲಿ ಗಿಡ ನಿಧಾನವಾಗುವುದರಿಂದ ನೀರು ಕಡಿಮೆ ಸಾಕು, ಆದರೆ ಮೇಲ್ಮಣ್ಣು ಪೂರ್ತಿ ಒಣಗಲು ಬಿಡಬೇಡಿ. ಹಿಮದ ಭಯ ಕಳೆದ ಮೇಲೆ ಕುಂಡವನ್ನು ಒಂದು ವಾರ ಹೊರಗಿನ ನೆರಳಿಗೆ ಹೊಂದಿಸಿ, ಆಮೇಲೆ ಪಾತಿಗೆ ಇಳಿಸಿ.